ಎರಡು ಪೇಪರ್ ಮಧ್ಯೆ ಗೃಹಪ್ರವೇಶ ಬಂದಿದೆ, ಮಗಳನ್ನು ಕರೆಸಬೇಕಾ? ಸೆಮಿಸ್ಟರ್ ಕೊನೆಯಲ್ಲಿ ಮನೆಯವರು ಏನು ಮಾಡಬೇಕು?

ಗುಬ್ಬಿ ಕಡೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕು. ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಎಲೆಕ್ಟ್ರಾನಿಕ್ಸ್, ಐದನೇ ಸೆಮ್. ಪಿಜಿಯಲ್ಲಿದ್ದಾಳೆ. ಕ್ಲಾಸ್ ಮುಗಿದಿವೆ, ಲ್ಯಾಬ್ ಎಕ್ಸಾಂ ನಡೆಯುತ್ತಿದೆ, ಸಂಕ್ರಾಂತಿ ಆದ ಮೇಲೆ ಥಿಯರಿ ಪೇಪರ್ ಶುರು.

ನಮ್ಮ ಭಾವನವರು ತುಮಕೂರಿನಲ್ಲಿ ಮನೆ ಕಟ್ಟಿಸಿದ್ದಾರೆ. ಗೃಹಪ್ರವೇಶದ ಮುಹೂರ್ತ ಸರಿಯಾಗಿ ಅವಳ ಎರಡನೇ ಪೇಪರ್‌ಗೂ ಮೂರನೇ ಪೇಪರ್‌ಗೂ ನಡುವೆ ಬಂದಿದೆ. ಮಧ್ಯೆ ನಾಲ್ಕು ದಿನ ಗ್ಯಾಪ್. "ನಾಲ್ಕು ದಿನ ಸುಮ್ನೆ ರೂಮಲ್ಲಿ ಕೂತು ಏನು ಮಾಡುತ್ತಾಳೆ, ರೈಲು ಹತ್ತಿದರೆ ಒಂದೂವರೆ ಗಂಟೆ, ಬಂದು ಹೋಗಲಿ" ಅನ್ನುವುದು ನಮ್ಮ ಅತ್ತೆಯ ಮಾತು. ನಮ್ಮ ಯಜಮಾನರು ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ಕೇಳಿದರೆ ತೋಟಕ್ಕೆ ನೀರು ಬಿಡಬೇಕು ಅಂತ ಎದ್ದು ಹೋಗುತ್ತಾರೆ.

ನಾನು ಓದಿದ್ದು ಪಿಯುಸಿ. ಅವಳ ಪುಸ್ತಕ ತೆರೆದರೆ ತಲೆಬುಡ ತಿಳಿಯುವುದಿಲ್ಲ. ಫೋನ್ ಮಾಡಿದರೆ "ಆಮೇಲೆ ಮಾಡ್ತೀನಮ್ಮ" ಅಂತ ಇಟ್ಟುಬಿಡುತ್ತಾಳೆ, ಮಾಡುವುದೇ ಇಲ್ಲ. ದೂರದಲ್ಲಿರುವ ಅಪ್ಪ ಅಮ್ಮ ಈ ಹೊತ್ತಲ್ಲಿ ಏನು ಮಾಡಿದರೆ ಮಕ್ಕಳಿಗೆ ಉಪಯೋಗ? ಗೃಹಪ್ರವೇಶದ ಬಗ್ಗೆಯೂ ಹೇಳಿ.

ಲಾಸ್ಟ್ ಬೆಂಚ್ ಕೋಲಾರ:
ಕರೆಸಬೇಡಿ ಆಂಟಿ. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ.

ತಿಪಟೂರು ಕೊಬ್ಬರಿ:
ಏನಪ್ಪ, ಬಾಗಿಲು ಹಾಕಿಯೇಬಿಟ್ಟೆಯಲ್ಲ. ಕಾರಣ ಹೇಳು.

ಲಾಸ್ಟ್ ಬೆಂಚ್ ಕೋಲಾರ:
ಹೇಳುತ್ತೇನೆ ಸರ್. ನಾನು ಏಳನೇ ಸೆಮ್. ಬ್ಯಾಕ್‌ಲಾಗ್ (ಫೇಲಾಗಿ ಉಳಿದ ಪೇಪರ್) ಇಟ್ಟುಕೊಂಡೂ ಗೊತ್ತು, ತೀರಿಸಿಯೂ ಗೊತ್ತು.

ಗ್ಯಾಪ್ ಅಂದರೆ ರಜೆ ಅಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪೇಪರ್‌ನಲ್ಲಿ ಐದು ಮಾಡ್ಯೂಲ್ ಇರುತ್ತದೆ. ಒಂದೊಂದು ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಅದರಲ್ಲಿ ಒಂದನ್ನು ಬರೆಯಬೇಕು, ಒಂದಕ್ಕೆ 20 ಅಂಕ. ಮೂರು ಗಂಟೆ. ಒಂದು ಮಾಡ್ಯೂಲ್ ಬಿಟ್ಟರೆ 20 ಅಂಕ ನೇರವಾಗಿ ಹೋಯಿತು. ಸೆಮಿಸ್ಟರ್ ಪೂರ್ತಿ ಇಂಟರ್ನಲ್ಸ್ (ಕಾಲೇಜಿನಲ್ಲೇ ನಡೆಸುವ ಟೆಸ್ಟ್), ಅಸೈನ್‌ಮೆಂಟ್, ರೆಕಾರ್ಡ್, ಪ್ರಾಜೆಕ್ಟ್ ಅಂತ ಓಡಾಡಿ, ನಾವು ಪುಸ್ತಕವನ್ನು ನಿಜವಾಗಿ ಓದುವುದೇ ಈ ಗ್ಯಾಪ್‌ನಲ್ಲಿ. ದಿನಕ್ಕೊಂದು ಮಾಡ್ಯೂಲ್ ಅಂದುಕೊಂಡರೂ ನಾಲ್ಕು ದಿನಕ್ಕೆ ಐದನೇದು ಉಳಿದೇ ಹೋಗುತ್ತದೆ.

ಇನ್ನು "ಒಂದು ದಿನ ಬಂದು ಹೋಗಲಿ" ಅಂತೀರಲ್ಲ, ಅದು ಎಲ್ಲಿಯ ಒಂದು ದಿನ? ಹಿಂದಿನ ಸಂಜೆಯೇ ಬರಬೇಕು. ಬಂದ ಕೂಡಲೇ "ಬಾ, ಹೂವು ಕಟ್ಟು" ಅಂತಾರೆ. ಬೆಳಗಿನ ಜಾವ ಎಬ್ಬಿಸುತ್ತಾರೆ. ಮಧ್ಯಾಹ್ನ ಎರಡು ಪಂಕ್ತಿ ಬಡಿಸಿ, ತಾನು ಉಂಡು ಮುಗಿಸುವಾಗ ನಾಲ್ಕು ಗಂಟೆ. "ಇಷ್ಟು ಹೊತ್ತಲ್ಲಿ ಒಬ್ಬಳನ್ನೇ ಕಳಿಸುವುದಾ, ಬೆಳಿಗ್ಗೆ ಹೋಗಲಿ." ಅಲ್ಲಿಗೆ ಎರಡು ದಿನ ಮಟಾಷ್.

ಹಾಸ್ಟೆಲ್ ಹುಡುಗಿ:
ಇದರ ಜೊತೆಗೆ "ಕ್ಯಾಂಪಸ್ ಆಯ್ತಾ? ಪ್ಯಾಕೇಜ್ ಎಷ್ಟು?" ಅಂತ ಕೇಳುವ ನೆಂಟರು. ಐದನೇ ಸೆಮ್‌ನವಳನ್ನು! ವಾಪಸ್ ಬಂದ ಮೇಲೆ ಅರ್ಧ ದಿನ ಅದನ್ನೇ ಯೋಚಿಸುತ್ತಾ ಕೂರುತ್ತೇವೆ.

ನಂದಿಬೆಟ್ಟದ ಕೆಳಗೆ:
ನಾನು ಬೇರೆ ಥರ ಹೇಳುತ್ತೇನೆ, ಬೈಯಬೇಡಿ. ಸ್ವಂತ ದೊಡ್ಡಪ್ಪನ ಮನೆ ಗೃಹಪ್ರವೇಶ. ಜೀವನದಲ್ಲಿ ಒಂದೇ ಸಲ ಕಟ್ಟುವ ಮನೆ. ಮಗು ಬಂದು ನಿಂತರೆ ಅವರಿಗೆ ಎಷ್ಟು ಸಂತೋಷ. ಒಂದು ದಿನ ಬಂದರೆ ಮುಳುಗಿ ಹೋಗುವಂಥ ಓದು ಎಂಥ ಓದು? ಮುದ್ದೇನಹಳ್ಳಿ ನಮಗೆ ಪಕ್ಕ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಅವರಿಗೆ ಗ್ಯಾಪ್ ಯಾರು ಕೊಟ್ಟಿದ್ದರು? ಈಗಿನ ಮಕ್ಕಳಿಗೆ ಎಲ್ಲಾ ಕೈಗೆ ಸಿಗುತ್ತೆ, ಆದರೂ ಟೆನ್ಷನ್ ಟೆನ್ಷನ್ ಅಂತಾರೆ.

ಲಾಸ್ಟ್ ಬೆಂಚ್ ಕೋಲಾರ:
ಸರ್, ಅವರು ಅವರೇ. ನಮ್ಮ ಪಾಡು, ಅವರ ಹೆಸರಿಟ್ಟುಕೊಂಡ ಯೂನಿವರ್ಸಿಟಿಯ ಪೇಪರ್ ಬರೆಯುವುದು. ಒಂದು ಸಲ ಬಂದು ಬರೆದು ನೋಡಿ 😄

ನಂದಿಬೆಟ್ಟದ ಕೆಳಗೆ:
ಬರೆಯುತ್ತೇನಪ್ಪ, ಹಾಲ್ ಟಿಕೆಟ್ ಕೊಡಿಸು. 35 ತೆಗೆದರೆ ಪಾಸು ತಾನೇ?

ಹಾಸ್ಟೆಲ್ ಹುಡುಗಿ:
ಅಲ್ಲ ಸರ್. ಇಂಟರ್ನಲ್ಸ್ 50ಕ್ಕೆ 20 ಇಲ್ಲದಿದ್ದರೆ ಆ ವಿಷಯದ ಪರೀಕ್ಷೆಗೇ ಕೂರಿಸುವುದಿಲ್ಲ. ಥಿಯರಿ ಪೇಪರ್ 100ಕ್ಕೆ ಬರೆಯುತ್ತೇವೆ, 50ಕ್ಕೆ ಇಳಿಸುತ್ತಾರೆ, ಅದರಲ್ಲಿ 18 ಬರಬೇಕು. 20 ಪ್ಲಸ್ 18 ಅಂದರೆ 38, ಅಷ್ಟಕ್ಕೂ ಫೇಲೇ. ಎರಡೂ ಸೇರಿ 40 ಆಗಬೇಕು. ನಮ್ಮಪ್ಪನಿಗೆ ಇದನ್ನು ಪ್ರತಿ ಸೆಮ್ ಹೇಳುತ್ತೇನೆ, ಪ್ರತಿ ಸೆಮ್ ಹೊಸದಾಗಿ ಕೇಳುತ್ತಾರೆ.

ಚಿಂತಾಮಣಿ ಕಡಲೇಕಾಯಿ:
ಡಿಗ್ರಿಯವರದು ಸುಲಭ ಅಲ್ವಾ? ಇಂಟರ್ನಲ್ಸೇ 40 ಕೊಡುತ್ತಾರೆ. ನಮ್ಮ ಹುಡುಗ ಬಿ.ಕಾಂ ಮೊದಲನೇ ವರ್ಷ, ಆರಾಮಾಗಿ ಓಡಾಡಿಕೊಂಡಿದ್ದಾನೆ.

ಟಮಕ ಮೇಡಂ:
ಆರಾಮಾಗಿ ಓಡಾಡುತ್ತಿದ್ದರೆ ಸ್ವಲ್ಪ ಕೂರಿಸಿ 🙂 ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪೇಪರ್‌ಗೆ 60, ಇಂಟರ್ನಲ್ಸ್‌ಗೆ 40 ಇದ್ದದ್ದು ಎನ್ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚ್‌ಗಳಿಗೆ. 2024-25ರಲ್ಲಿ ಸೇರಿದವರಿಂದ ರಾಜ್ಯದ ಹೊಸ ಪದ್ಧತಿ ಬಂದಿದೆ, ಡಿಗ್ರಿ ಮತ್ತೆ ಮೂರು ವರ್ಷ, ಥಿಯರಿ ಪೇಪರ್‌ಗೆ 80, ಇಂಟರ್ನಲ್ಸ್‌ಗೆ ಬರೀ 20. ಅಂದರೆ ಕೊನೆಯ ಪರೀಕ್ಷೆಯ ತೂಕ ಜಾಸ್ತಿಯಾಗಿದೆ. ಅಣ್ಣ ತಂಗಿ ಇಬ್ಬರೂ ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ಪದ್ಧತಿಯಲ್ಲಿ ಓದಿದ ಮನೆಗಳಿವೆ. "ಅವನಿಗೆ ಹಾಗಿತ್ತು, ನಿನಗೆ ಯಾಕೆ ಹೀಗೆ" ಅಂತ ಬೈಯುವ ಮೊದಲು ಇದು ಗೊತ್ತಿರಲಿ.

ಗುಬ್ಬಿಯವರ ಪ್ರಶ್ನೆಗೆ ಬರುತ್ತೇನೆ. ಅಪ್ಪ ಅಮ್ಮಂದಿರು ಕಾಲೇಜಿಗೆ ಬರುವುದು ಯಾವಾಗ ಗೊತ್ತಾ? ಕೊನೆಯ ವಾರ. ಹಾಜರಾತಿ 75 ಇಲ್ಲ ಅಂತ ನೋಟಿಸ್ ಬೋರ್ಡಿನಲ್ಲಿ ಹೆಸರು ಬಂದ ಮೇಲೆ, ಮಗನನ್ನು ಪಕ್ಕ ನಿಲ್ಲಿಸಿಕೊಂಡು "ಏನಾದರೂ ಮಾಡಿ ಮೇಡಂ" ಅಂತಾರೆ. ಆಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಇಂಜಿನಿಯರಿಂಗ್‌ನಲ್ಲಿ 85 ಬೇಕು, ಇನ್ನೂ ಬಿಗಿ. ಇದನ್ನು ನೋಡುವ ಕಾಲ ಎರಡನೇ ತಿಂಗಳು, ಮೊದಲ ಇಂಟರ್ನಲ್ಸ್ ಆದಾಗ. ಕೊನೆಯ ವಾರಕ್ಕೆ ಹಳೆಯ ಲೆಕ್ಕ ತೆಗೆದು ಕೂತರೆ ಇದ್ದ ಓದೂ ಕೆಡುತ್ತದೆ.

ಗೃಹಪ್ರವೇಶದ ವಿಷಯದಲ್ಲಿ ನನ್ನದೊಂದೇ ಪ್ರಶ್ನೆ. ಮಗಳನ್ನು ಕೇಳಿದಿರಾ?

ಗುಬ್ಬಿ ಕಡೆಯವಳು:
ಕೇಳಿದೆ ಮೇಡಂ. "ನೀವು ಹೇಗೆ ಹೇಳ್ತೀರೋ ಹಾಗೆ" ಅಂದಳು.

ಲಾಸ್ಟ್ ಬೆಂಚ್ ಕೋಲಾರ:
ಬರಲ್ಲ ಅಂತ ಅರ್ಥ.

ಹಾಸ್ಟೆಲ್ ಹುಡುಗಿ:
ಹೌದು. ಬರಲ್ಲ ಅಂದರೆ ಅಜ್ಜಿ ಬೇಜಾರು, ಬರುತ್ತೇನೆ ಅಂದರೆ ಪೇಪರ್ ಹೋಯಿತು. ಅದಕ್ಕೇ ನಿಮ್ಮ ತಲೆಗೆ ಕಟ್ಟಿದ್ದಾಳೆ. "ಬರ್ತೀಯಾ" ಅಂತ ಕೇಳಬೇಡಿ ಅಕ್ಕ. "ಆ ಗ್ಯಾಪ್ ಆದಮೇಲೆ ಯಾವ ಪೇಪರ್ ಇದೆ, ಅದು ಸುಲಭನಾ ಕಷ್ಟನಾ" ಅಂತ ಕೇಳಿ. ಆಗ ಬಾಯಿ ಬಿಡುತ್ತಾಳೆ.

ರೇಷ್ಮೆ ಮನೆ:
ಶಿಡ್ಲಘಟ್ಟದ ಕಡೆಯಿಂದ. ನಮ್ಮ ಮನೆಯಲ್ಲಿ ಈ ಗಲಾಟೆ ಪ್ರತಿ ಸೆಮಿಸ್ಟರ್ ಇತ್ತು, ಈಗ ಇಲ್ಲ. ಹೇಗೆ ಅಂತ ಹೇಳುತ್ತೇನೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಮಗ ಚಿಕ್ಕಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬಂದು ಓದುತ್ತಾನೆ. ಚಾಕಿ ಹುಳು, ಅಂದರೆ ಮರಿ ಹುಳು ತಂದ ಮೇಲೆ ಹಣ್ಣಾಗುವುದಕ್ಕೆ, ಅಂದರೆ ಗೂಡು ಕಟ್ಟುವ ಹದಕ್ಕೆ ಬರುವುದಕ್ಕೆ, ಹೆಚ್ಚುಕಡಿಮೆ ಮೂರು ವಾರ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ಹಾಗಂತೀವಿ) ಎದ್ದ ಮೇಲೆ ಹುಳು ತಿನ್ನುವುದು ನೋಡಿದ್ದೀರಾ? ಹಾಕಿದ ಸೊಪ್ಪು ಹಾಕಿದ ಹಾಗೇ ಖಾಲಿ. ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ಒಂದು ಸಲ. ಹುಳು ಮನೆಯಲ್ಲಿ ನಿಂತರೆ ಮಳೆ ಬಂದ ಹಾಗೆ ಸದ್ದು. ಆಮೇಲೆ ಹಣ್ಣು ಹುಳು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವ ದಿನ ಮನೆಯಲ್ಲಿರುವ ಎಲ್ಲಾ ಕೈಯೂ ಬೇಕು. ಆವತ್ತು ಯಾರೂ ಓದುತ್ತೇನೆ ಅನ್ನುವಂತಿಲ್ಲ, ಅಂದರೆ ನಾನೇ ಬೈಯುತ್ತಿದ್ದೆ.

ಮೊದಮೊದಲು ಏನಾಗುತ್ತಿತ್ತು ಅಂದರೆ, ಹುಳು ಹಣ್ಣಾಗುವುದೂ ಅವನ ಪೇಪರ್ ಬರುವುದೂ ಒಂದೇ ವಾರ. ಅವನು ಹುಳು ಮನೆ ಬಾಗಿಲಲ್ಲೇ ಕೂತು ಓದುವುದು, ನಾವು ಕೂಗುವುದು, ಅವನು ಎದ್ದು ಬರುವುದು, ಮತ್ತೆ ಹೋಗಿ ಕೂರುವುದು. ಎರಡೂ ಕೆಡುತ್ತಿತ್ತು. ಈಗ ನಮ್ಮ ಮನೆಯವರು ಚಾಕಿಗೆ ಹೇಳುವ ಮೊದಲು ಅವನ ಟೈಮ್ ಟೇಬಲ್ ಕೇಳುತ್ತಾರೆ. ಕೊನೇ ಪೇಪರ್ ಆದ ಮೇಲೆ ಹುಳು ಹಣ್ಣಾಗುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ ಹೇಳುತ್ತಾರೆ. ಟೈಮ್ ಟೇಬಲ್ ಬದಲಾದರೆ ಪಕ್ಕದ ಮನೆಯವರ ಜೊತೆ ಮುಯ್ಯಿ ಆಳು, ಈಗ ಅವರು ನಮಗೆ, ಆಮೇಲೆ ನಾವು ಅವರಿಗೆ. ಒಂದೆರಡು ಸಲ ಬೆಲೆ ಚೆನ್ನಾಗಿದ್ದಾಗ ಮಾರುಕಟ್ಟೆಗೆ ಗೂಡು ಹಾಕುವುದು ತಪ್ಪಿತು. ಹೋಗಲಿ ಅಂದುಕೊಂಡೆವು.

ಓದಿನಲ್ಲಿ ನಮ್ಮಿಂದ ಸಹಾಯ ಆಗುವುದಿಲ್ಲ ಅಕ್ಕ. ದಿನ ಬಿಡಿಸಿಕೊಡುವುದಷ್ಟೇ ನಮ್ಮ ಕೈಯಲ್ಲಿ ಆಗುವುದು.

ಟಮಕ ಮೇಡಂ:
ಇದನ್ನು ನಮ್ಮ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇನೆ, ಅಪ್ಪಣೆ ಕೊಡಿ.

ರೇಷ್ಮೆ ಮನೆ:
ಓದಿ ಮೇಡಂ. ಸಭೆಯಲ್ಲಿ ಬೆಲೆ ವಿಷಯ ಮಾತ್ರ ಎತ್ತಬೇಡಿ, ಯಜಮಾನರಿಗೆ ಇನ್ನೂ ಹೊಟ್ಟೆ ಉರಿ ಇದೆ.

ನಂದಿಬೆಟ್ಟದ ಕೆಳಗೆ:
ಬೆಳೆಯನ್ನು ಹಿಂದೆ ಮುಂದೆ ಮಾಡಬಹುದು. ಮುಹೂರ್ತ ಮಾಡಕ್ಕಾಗತ್ತಾ?

ತಿಪಟೂರು ಕೊಬ್ಬರಿ:
ಅಲ್ಲೇ ಇರುವುದು ಸಮಸ್ಯೆ. ಗಮನಿಸಿ ನೋಡಿ. ಧನುರ್ಮಾಸದಲ್ಲಿ ಯಾರೂ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಸಂಕ್ರಾಂತಿ ಕಳೆದದ್ದೇ ತಡ, ಮದುವೆ, ಗೃಹಪ್ರವೇಶ, ಉಪನಯನ ಎಲ್ಲಾ ಒಟ್ಟಿಗೆ. ಪರೀಕ್ಷೆಯೂ ಆಗಲೇ. ಜೂನ್-ಜುಲೈ ಪರೀಕ್ಷೆಗಾದರೆ ಆಷಾಢ ಬಂದು ಕಾಪಾಡುತ್ತದೆ, ಜನವರಿಯ ಪರೀಕ್ಷೆಗೆ ದಿಕ್ಕಿಲ್ಲ. ನಮ್ಮ ಮನೆಯಲ್ಲಿ ಇನ್ವಿಟೇಷನ್ ಬಂದ ಕೂಡಲೇ ನಾನು "ಮಕ್ಕಳು ಬರುವುದಿಲ್ಲ, ಪರೀಕ್ಷೆ" ಅಂತ ಆವತ್ತೇ ಹೇಳಿಬಿಡುತ್ತೇನೆ. ಹಿಂದಿನ ದಿನ ಹೇಳಿದರೆ ಕೋಪ, ತಿಂಗಳ ಮುಂಚೆ ಹೇಳಿದರೆ ಅವರೇ "ಓದಲಿ ಬಿಡಿ" ಅಂತಾರೆ.

ಕ್ಯಾತ್ಸಂದ್ರ ಪ್ಯಾಸೆಂಜರ್:
ಎಲ್ಲರೂ ಪಿಜಿ, ಹಾಸ್ಟೆಲ್ ಅಂತಿದ್ದೀರಿ. ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಓದುವ ಮಕ್ಕಳ ಕಥೆ ಯಾರೂ ಹೇಳಲಿಲ್ಲ. ನಮ್ಮ ಮಗಳು ಅದರಲ್ಲಿ ಒಬ್ಬಳು. ಪಾಸ್ ಇದೆ, ಸೀಟ್ ಇರುವುದಿಲ್ಲ. ಬಾಗಿಲ ಹತ್ತಿರ ನಿಂತುಕೊಂಡೇ ನೋಟ್ಸ್ ತಿರುವಿಹಾಕುತ್ತಾಳೆ. ಪರೀಕ್ಷೆ ದಿನ ಮಾತ್ರ ನನ್ನ ನಿಯಮ ಒಂದು: ದಿನಾ ಹೋಗುವ ರೈಲಿಗೆ ಆವತ್ತು ಹೋಗಬಾರದು, ಅದಕ್ಕೂ ಮುಂಚಿನದಕ್ಕೆ ಹೋಗಬೇಕು. ಹೊರಗಡೆ ಸಿಗ್ನಲ್ ಸಿಗದೆ ನಿಂತುಬಿಟ್ಟರೆ ಯಾರನ್ನು ಕೇಳುವುದು? ಚಳಿಗಾಲದಲ್ಲಿ ಆ ಹೊತ್ತಿಗೆ ಕತ್ತಲು ಹರಿದಿರುವುದಿಲ್ಲ. ನಾನು ಎದ್ದು ಗಾಡಿಯಲ್ಲಿ ಸ್ಟೇಷನ್‌ಗೆ ಬಿಡುತ್ತೇನೆ. ದಾರಿಯಲ್ಲಿ ಮಾತಿಲ್ಲ. ಹಾಲ್ ಟಿಕೆಟ್, ಐಡಿ ಕಾರ್ಡ್, ಎರಡು ಪೆನ್, ಕ್ಯಾಲ್ಕ್ಯುಲೇಟರ್. ಇಷ್ಟು ಕೇಳುತ್ತೇನೆ, "ಇದೆಯಪ್ಪಾ" ಅಂತಾಳೆ. ಒಂದು ಸಲ ಕ್ಯಾಲ್ಕ್ಯುಲೇಟರ್ ಇರಲಿಲ್ಲ. ಇನ್ನೂ ಬಟವಾಡಿ ದಾಟಿರಲಿಲ್ಲ, ವಾಪಸ್ ಬಂದು ತೆಗೆದುಕೊಂಡು ಹೋದೆವು. ಮುಂಚಿನ ರೈಲು ಅಂತ ಹೊರಟಿದ್ದಕ್ಕೆ ಬಚಾವ್.

ಚಿಂತಾಮಣಿ ಕಡಲೇಕಾಯಿ:
ಆ ಹೊತ್ತಿಗೆ ಹೊರಟರೆ ತಿಂಡಿ ಏನು ಕಥೆ? ಕ್ಯಾತ್ಸಂದ್ರದವರು, ತಟ್ಟೆ ಇಡ್ಲಿ ಕಟ್ಟಿಸಿ ಕಳಿಸುತ್ತೀರಾ?

ಕ್ಯಾತ್ಸಂದ್ರ ಪ್ಯಾಸೆಂಜರ್:
ತಟ್ಟೆ ಇಡ್ಲಿ ಆರಿದ ಮೇಲೆ ತಿನ್ನುವವರು ನಮ್ಮೂರಿಗೆ ಬರಬೇಡಿ. ಅದು ತಟ್ಟೆಯಿಂದ ಬಾಯಿಗೆ.

ತಿಪಟೂರು ಕೊಬ್ಬರಿ:
ಮೇಲೆ ಬೆಣ್ಣೆ ಇಲ್ಲದಿದ್ದರೆ ಅದು ಇಡ್ಲಿಯೇ ಅಲ್ಲ.

ಗುಬ್ಬಿ ಕಡೆಯವಳು:
ಊಟದ ಮಾತು ಬಂತು, ನಾನೂ ಕೇಳಬೇಕು ಅಂತಿದ್ದೆ. ಈಗ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು ಅಂದರೆ ಅವಳಿಗೆ ಪ್ರಾಣ. ಮಾಡಿ ಯಾರ ಕೈಲಾದರೂ ಕಳಿಸೋಣವಾ?

ಹಾಸ್ಟೆಲ್ ಹುಡುಗಿ:
ಅಕ್ಕ, ಆಸೆ ಹುಟ್ಟಿಸಬೇಡಿ 😭 ಆದರೆ ಪಿಜಿಯಲ್ಲಿ ಫ್ರಿಜ್ ಎಲ್ಲರಿಗೂ ಒಂದೇ, ಸಾರು ಮಾರನೇ ದಿನಕ್ಕೆ ಹುಳಿ. ಪರೀಕ್ಷೆ ಹಿಂದಿನ ದಿನ ಹೊಟ್ಟೆ ಕೆಟ್ಟರೆ ಮುಗಿಯಿತು. ಹುರಿದ ಅವರೆಕಾಳು, ಕೋಡುಬಳೆ, ಕಡಲೇಬೀಜದ ಉಂಡೆ ಕಳಿಸಿ. ರಾತ್ರಿ ಒಂದಕ್ಕೆ ಹಸಿವಾದಾಗ ನೆನಪಿಗೆ ಬರುವುದು ಅದೇ. ಜಾಸ್ತಿ ಕಳಿಸಿ, ರೂಮಿನಲ್ಲಿ ಮೂವರು ಇರುತ್ತಾರೆ. ಮೂವರೂ ಅಮ್ಮನ ಹೆಸರು ಹೇಳಿಕೊಂಡು ತಿನ್ನುತ್ತಾರೆ.

ಮಾತ್ರೆ ಅಂಗಡಿ:
ತುಮಕೂರಿನಲ್ಲಿ ಮೆಡಿಕಲ್ ಸ್ಟೋರ್ ಇದೆ ನನ್ನದು. ಪರೀಕ್ಷೆ ಸಮಯ ಬಂದರೆ ನನಗೆ ಮೊದಲೇ ಗೊತ್ತಾಗುತ್ತದೆ. "ಅಣ್ಣಾ, ನಿದ್ದೆ ಬರದೇ ಇರೋಕೆ ಏನಾದ್ರೂ ಇದ್ಯಾ" ಅಂತ ಹುಡುಗರು ಬರುತ್ತಾರೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಅವರೇ ಬಂದು ನಿದ್ದೆ ಬರುವುದಕ್ಕೆ ಕೇಳುತ್ತಾರೆ. ಎರಡಕ್ಕೂ ಚೀಟಿ ಇಲ್ಲದೆ ಕೊಡುವುದಿಲ್ಲ. ಬೈದುಕೊಂಡು ಹೋಗುತ್ತಾರೆ, ಹೋಗಲಿ.

ಕಾಫಿಯ ಬಗ್ಗೆ ಒಂದು ಮಾತು. ಸಂಜೆ ಏಳಕ್ಕೆ ಕುಡಿದ ಗಟ್ಟಿ ಕಾಫಿಯ ಅಂಶ ಅರ್ಧದಷ್ಟು ಮಧ್ಯರಾತ್ರಿಗೂ ಮೈಯಲ್ಲಿ ಇರುತ್ತದೆ. ಹತ್ತಕ್ಕೆ ಇನ್ನೊಂದು, ಹನ್ನೆರಡಕ್ಕೆ ಮತ್ತೊಂದು ಕುಡಿದರೆ ಬೆಳಿಗ್ಗೆ ಪರೀಕ್ಷೆಯಲ್ಲಿ ಕೈ ನಡುಗುತ್ತದೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿ ಪೂರ್ತಿ ಓದಿದವನಿಗಿಂತ ಐದಾರು ಗಂಟೆ ಮಲಗಿ ಎದ್ದವನ ಕೈ ಚೆನ್ನಾಗಿ ಓಡುತ್ತದೆ. ಅಪ್ಪ ಅಮ್ಮ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಇನ್ನೂ ಓದ್ತಿದ್ದೀಯಾ? ಶಭಾಷ್" ಅನ್ನುವುದನ್ನು ಮೊದಲು ಬಿಡಬೇಕು.

ಲಾಸ್ಟ್ ಬೆಂಚ್ ಕೋಲಾರ:
ಬೆಳಿಗ್ಗೆ ಐದಕ್ಕೆ "ಎದ್ಯಾ?" ಅಂತ ಫೋನ್ ಮಾಡುವುದನ್ನೂ. ನಾಲ್ಕಕ್ಕೆ ಮಲಗಿರುತ್ತೇವೆ!

ತಿಪಟೂರು ಕೊಬ್ಬರಿ:
ಹಾಗಾದರೆ ಫೋನ್ ಮಾಡುವುದು ಯಾವಾಗ, ಏನು ಮಾತಾಡುವುದು? ಓದಿದೆಯಾ ಅನ್ನಬಾರದು, ಊಟ ಮಾಡಿದೆಯಾ ಅಂದರೆ ದಿನಾ ಅದೇನಾ ಅಂತಾರೆ.

ಹಾಸ್ಟೆಲ್ ಹುಡುಗಿ:
ಊರಿನ ಸುದ್ದಿ ಹೇಳಿ. ಹಸು ಕರು ಹಾಕಿತು, ಪಕ್ಕದ ಮನೆಯವರು ಜಗಳ ಆಡಿದರು, ಏನಾದರೂ. ಐದು ನಿಮಿಷ ನಕ್ಕು ಫೋನ್ ಇಡುತ್ತೇವೆ. ಪೇಪರ್ ಮುಗಿದು ಹೊರಗೆ ಬಂದ ಕೂಡಲೇ ಮಾತ್ರ ಬೇಡ. "ಹೇಗಾಯ್ತು? ಎಷ್ಟು ಬರೆದೆ? ಎಷ್ಟು ಬರಬಹುದು?" ನನಗೇನು ಗೊತ್ತು, ತಿದ್ದುವವರು ಬೇರೆ. ಅಷ್ಟರಲ್ಲಿ ಫ್ರೆಂಡ್ಸ್ ಎಲ್ಲಾ ಉತ್ತರ ಹೋಲಿಸಿ ತಲೆ ಕೆಡಿಸಿರುತ್ತಾರೆ, ಅದರ ಮೇಲೆ ಮನೆಯವರದ್ದು ಬೇರೆ. ನಾಳಿದ್ದಿನ ಪೇಪರ್‌ಗೆ ಕೂರಬೇಕು ಅಲ್ವಾ?

ನಂದಿಬೆಟ್ಟದ ಕೆಳಗೆ:
ದುಡ್ಡು ಕಟ್ಟುವವರು ಕೇಳಲೂಬಾರದಾ? ಇದು ಯಾವ ನ್ಯಾಯ?

ಹಾಸ್ಟೆಲ್ ಹುಡುಗಿ:
ಕೇಳಿ ಸರ್, ಎಲ್ಲಾ ಪೇಪರ್ ಮುಗಿದ ಮೇಲೆ ಕೇಳಿ.

ಲಾಸ್ಟ್ ಬೆಂಚ್ ಕೋಲಾರ:
ದುಡ್ಡಿನ ವಿಷಯ ಎತ್ತಿದಿರಿ, ಹೇಳಿಯೇಬಿಡುತ್ತೇನೆ. ಮೂರನೇ ಸೆಮ್‌ನಲ್ಲಿ ನಮ್ಮ ಮನೆಯಲ್ಲಿ ಟೊಮೇಟೊ ಹಾಕಿದ್ದರು. ಬೆಲೆ ಬಿದ್ದು, ಕಿತ್ತ ಕೂಲಿಯೂ ಹುಟ್ಟಲಿಲ್ಲ. ಫೀಸ್ ಬಾಕಿ ಉಳಿಯಿತು. ಕಾಲೇಜಿನ ಆಫೀಸಿನಲ್ಲಿ ಫೀಸ್ ಕಟ್ಟದೆ ಹಾಲ್ ಟಿಕೆಟ್ ಇಲ್ಲ ಅಂದರು. ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ದೆ, ಅದು ಆಗ ಬರಲಿಲ್ಲ. ನಮ್ಮಪ್ಪ ಡೈರಿ ಬಟವಾಡೆ ದುಡ್ಡು, ಚಿಕ್ಕಪ್ಪನ ಹತ್ತಿರ ಸ್ವಲ್ಪ, ಹೀಗೆ ಹೊಂದಿಸಿ ತಂದು ಕಟ್ಟಿದರು. ಅದು ಸರಿ. ಪರೀಕ್ಷೆ ಹಿಂದಿನ ರಾತ್ರಿ ಫೋನ್ ಮಾಡಿ ಯಾರ ಯಾರ ಹತ್ತಿರ ಕೈ ಚಾಚಿದೆ ಅಂತ ಒಬ್ಬೊಬ್ಬರ ಹೆಸರೂ ಹೇಳಿದರು. ಬೇಜಾರಿನಲ್ಲಿ ಹೇಳಿದರು, ತಪ್ಪು ಅನ್ನುವುದಿಲ್ಲ. ಬೆಳಿಗ್ಗೆ ಪ್ರಶ್ನೆಪತ್ರಿಕೆ ಮುಂದೆ ಇತ್ತು, ಕಣ್ಣ ಮುಂದೆ ಆ ಹೆಸರುಗಳೇ. ಬ್ಯಾಕ್ ಬಂದಿದ್ದು ಅದೇ ಪೇಪರ್.

ನಂದಿಬೆಟ್ಟದ ಕೆಳಗೆ:
ನಾವೂ ಟೊಮೇಟೊ ಹಾಕಿದವರೇ. ನಿಮ್ಮಪ್ಪನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಹೇಳುತ್ತಿದ್ದೆ. ಯಾರಿಗಾದರೂ ಹೇಳಬೇಕಲ್ಲ ಮನುಷ್ಯ.

ರೇಷ್ಮೆ ಮನೆ:
ಹೇಳಬೇಕು ಅಣ್ಣ. ಹೆಂಡತಿಗೆ ಹೇಳಿ, ನಿಮ್ಮ ಅಣ್ಣ ತಮ್ಮಂದಿರಿಗೆ ಹೇಳಿ. ಮಗನಿಗೂ ಹೇಳಿ, ಪೇಪರ್ ಮುಗಿದ ಮೇಲೆ. ಮನೆ ಕಷ್ಟ ಮಕ್ಕಳಿಗೆ ಗೊತ್ತಿರಲಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ.

ಟಮಕ ಮೇಡಂ:
ಬ್ಯಾಕ್ ಬಂದರೆ ಲೋಕ ಮುಳುಗಿತು ಅಂದುಕೊಳ್ಳುವ ಮನೆಗಳಿಗೆ ಒಂದು ಮಾತು. ಹೋದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಕಟ್ಟಿ ಬರೆಯಬಹುದು. ಫಲಿತಾಂಶ ಬಂದ ಮೇಲೆ ಅನುಮಾನ ಇದ್ದರೆ ಉತ್ತರ ಪತ್ರಿಕೆಯ ನಕಲು ತೆಗೆಸಿಕೊಳ್ಳಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಅದಕ್ಕೆ ಕೊಡುವ ದಿನ ಕಡಿಮೆ. ಆ ದಿನಗಳನ್ನು ಬೈಯುವುದರಲ್ಲಿ, ಮುನಿಸಿಕೊಳ್ಳುವುದರಲ್ಲಿ ಕಳೆದು, ಕೊನೆ ತಾರೀಖು ಆದ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ನಂದಿಬೆಟ್ಟದ ಕೆಳಗೆ:
ಹೀಗೆ ಸಲೀಸು ಮಾಡಿದರೆ ಮಕ್ಕಳಿಗೆ ಭಯವೇ ಹೋಗುತ್ತದೆ ಮೇಡಂ.

ಟಮಕ ಮೇಡಂ:
ನಮ್ಮ ತರಗತಿಗಳಲ್ಲಿ ಭಯಕ್ಕೆ ಏನೂ ಕಮ್ಮಿ ಇಲ್ಲ ಸರ್, ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಭಯ ಜಾಸ್ತಿಯಾಗಿ ಪರೀಕ್ಷೆಗೇ ಬಾರದೆ ಕೂತವರನ್ನು ಪ್ರತಿ ವರ್ಷ ನೋಡುತ್ತೇನೆ. ಮನೆಯವರಿಗೆ "ಬರೆದೆ" ಅಂತ ಹೇಳಿರುತ್ತಾರೆ.

ಮಾತ್ರೆ ಅಂಗಡಿ:
ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ, ಇದು ತಮಾಷೆ ಅಲ್ಲ. ಮಗು ಊಟ ಬಿಟ್ಟಿದೆ, ನಿದ್ದೆ ಇಲ್ಲ, ಫೋನಿನಲ್ಲಿ ದನಿಯೇ ಬದಲಾಗಿದೆ, "ನಾನಿದ್ದು ಏನು ಪ್ರಯೋಜನ" ಅನ್ನುವ ಥರ ಮಾತು ಬರುತ್ತಿದೆ ಅಂದರೆ ಪರೀಕ್ಷೆ ಪಕ್ಕಕ್ಕಿಡಿ. ಆವತ್ತೇ ಹೊರಟು ಹೋಗಿ ಪಕ್ಕ ಕೂತುಕೊಳ್ಳಿ, ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರ್ಕಾರದ್ದು, 2022ರಲ್ಲಿ ಶುರುವಾಯಿತು. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ಮಾಡಬೇಕು ಅಂತಿಲ್ಲ, ಅಪ್ಪ ಅಮ್ಮ ಮಾಡಿ ಏನು ಮಾಡಬೇಕು ಅಂತ ಕೇಳಬಹುದು. ಆ ನಂಬರ್ ಅಂಗಡಿಯ ಗಾಜಿನ ಮೇಲೆ ಅಂಟಿಸಿದ್ದೇನೆ. ಚಿಲ್ಲರೆ ತೆಗೆದುಕೊಳ್ಳುವ ನೆಪದಲ್ಲಿ ನಿಂತು, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಹೋಗುವವರು ಇದ್ದಾರೆ.

ತಿಪಟೂರು ಕೊಬ್ಬರಿ:
ಒಳ್ಳೆಯದು ಹೇಳಿದಿರಿ. ನಂಬರ್ ಸೇವ್ ಮಾಡಿಕೊಂಡೆ.

ಗುಬ್ಬಿ ಕಡೆಯವಳು:
ನೆನ್ನೆ ಮಗಳ ಜೊತೆ ಮಾತಾಡಿದೆ. ಇಲ್ಲಿ ಹೇಳಿದ ಹಾಗೆ ಬರ್ತೀಯಾ ಅಂತ ಕೇಳಲಿಲ್ಲ, ಗ್ಯಾಪ್ ಆದ ಮೇಲೆ ಯಾವ ಪೇಪರ್ ಅಂದೆ. ಡಿಜಿಟಲ್ ಕಮ್ಯುನಿಕೇಶನ್ ಅಂತೆ. ಲೆಕ್ಕ ಜಾಸ್ತಿ, ಎರಡು ಮಾಡ್ಯೂಲ್ ಮುಟ್ಟಿಯೇ ಇಲ್ಲ, ಪಿಜಿಯಲ್ಲಿ ನಾಲ್ಕು ಜನ ಸೇರಿ ಓದಬೇಕು ಅಂತ ಮಾತಾಗಿದೆ ಅಂದಳು. ಆಮೇಲೆ ತಾನಾಗಿಯೇ "ಅಮ್ಮ, ಅಜ್ಜಿಗೆ ನೀನೇ ಹೇಳು" ಅಂದಳು. ಸರಿ ಅಂದೆ.

ಅತ್ತೆಗೆ ಹೇಳಿದ್ದಾಯಿತು. ಮುಖ ಊದಿಸಿಕೊಂಡಿದ್ದಾರೆ. "ಹಾಲು ಉಕ್ಕಿಸುವ ಹೊತ್ತಿಗೆ ಮೊಮ್ಮಗಳು ಇಲ್ಲದ ಮೇಲೆ ಏನು ಚೆಂದ" ಅಂತ. ಭಾವನವರು ಮಾತ್ರ ಏನೂ ಅನ್ನಲಿಲ್ಲ, "ಓದಲಿ, ಮನೆ ಎಲ್ಲಿಗೂ ಹೋಗಲ್ಲ" ಅಂದರು.

ನಂದಿಬೆಟ್ಟದ ಕೆಳಗೆ:
ಭಾವನವರು ದೊಡ್ಡ ಮನುಷ್ಯರು. ಆದರೂ ನನಗೆ ಅಜ್ಜಿ ಕಡೆಯೇ ಮನಸ್ಸು. ಹಾಲು ಉಕ್ಕಿಸುವಾಗ ವಿಡಿಯೋ ಕಾಲ್ ಆದರೂ ಮಾಡಿ.

ಹಾಸ್ಟೆಲ್ ಹುಡುಗಿ:
ಎರಡು ನಿಮಿಷ ಮಾಡಿ. ಫೋನನ್ನು ನೆಂಟರ ಕೈಗೆಲ್ಲಾ ದಾಟಿಸಬೇಡಿ ಅಕ್ಕ, ಕೈಮುಗಿಯುತ್ತೇನೆ.

ಚಿಂತಾಮಣಿ ಕಡಲೇಕಾಯಿ:
ಅಜ್ಜಿಗೆ ಅಷ್ಟು ಆಸೆ ಇದ್ದರೆ ಗೃಹಪ್ರವೇಶ ಮುಗಿಸಿ, ಮಗಳ ಕೊನೇ ಪೇಪರ್ ದಿನ ಅವರೇ ಬೆಂಗಳೂರಿಗೆ ಹೋಗಿ ಕರೆದುಕೊಂಡು ಬರಲಿ. ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್‌ಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ಮರೆಯಬೇಡಿ.

ಲಾಸ್ಟ್ ಬೆಂಚ್ ಕೋಲಾರ:
ಕೊನೇ ಪೇಪರ್ ದಿನ ಬೇಡ, ಮಾರನೇ ದಿನ! ಕೊನೇ ಪೇಪರ್ ದಿನ ನಾವು ಫ್ರೆಂಡ್ಸ್ ಜೊತೆ ಸಿನಿಮಾಕ್ಕೋ ಬಿರಿಯಾನಿಗೋ ಹೋಗುತ್ತೇವೆ. ಆ ಒಂದು ಸಂಜೆಗಾಗಿಯೇ ಬರೆದಿರುತ್ತೇವೆ. ಪರೀಕ್ಷಾ ಹಾಲ್‌ನಿಂದ ಹೊರಗೆ ಬಂದರೆ ಗೇಟಿನಲ್ಲಿ ಅಜ್ಜಿ ಚೀಲ ಹಿಡಿದು ನಿಂತಿರುವುದು, ಬೇಡ.

ಗುಬ್ಬಿ ಕಡೆಯವಳು:
😂 ಸರಿ, ಮಾರನೇ ದಿನ. ನಮ್ಮ ಅತ್ತೆ ಹೋಗುತ್ತೇನೆ ಅಂತ ಈಗಲೇ ಕುಣಿಯುತ್ತಿದ್ದಾರೆ, ಹಿತಕಿದ ಬೇಳೆ ಸಾರು ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತಾರಂತೆ. ಇನ್ನೊಂದು ಕೇಳಬೇಕಿತ್ತು. ಮಗಳು ಪಿಜಿ ಬದಲಾಯಿಸುತ್ತೇನೆ ಅಂತಿದ್ದಾಳೆ, ಹಾಸಿಗೆ ಸಮೇತ ಸಾಮಾನು ಊರಿಗೆ ತರಬೇಕು. ಬಸ್ಸಿನಲ್ಲಿ ಹಾಸಿಗೆ ಹಾಕಿಸುತ್ತಾರಾ?

ಕ್ಯಾತ್ಸಂದ್ರ ಪ್ಯಾಸೆಂಜರ್:
ಕಂಡಕ್ಟರ್ ಮರ್ಜಿ. ಸುತ್ತಿ ಕಟ್ಟಿ ಮೇಲೆ ಗೋಣಿ ಹೊದಿಸಿ, ಲಗೇಜ್ ಚಾರ್ಜ್ ಕೇಳಿದರೆ ಕೊಡಿ. ರೈಲಿನಲ್ಲಾದರೆ ಸಂಜೆದು ಬೇಡವೇ ಬೇಡ, ಮನುಷ್ಯರು ಹತ್ತುವುದೇ ಕಷ್ಟ. ಮಧ್ಯಾಹ್ನ ಖಾಲಿ ಇರುತ್ತದೆ.

ತಿಪಟೂರು ಕೊಬ್ಬರಿ:
ಹಾಸಿಗೆ ಯಾಕೆ ತರುತ್ತೀರಿ? ರೂಮಿಗೆ ಹೊಸದಾಗಿ ಬರುವ ಹುಡುಗಿಗೆ ಕೊಟ್ಟುಬಿಡಲಿ. ಪುಸ್ತಕ ಮಾತ್ರ ತರಿಸಿ, ನಮ್ಮ ತಮ್ಮನ ಮಗ ಇದೇ ಎಲೆಕ್ಟ್ರಾನಿಕ್ಸ್ ಮೂರನೇ ಸೆಮ್, ಅವನಿಗೆ ಬೇಕು. ನಾನು ನಿಮಗೆ ಮೆಸೇಜ್ ಮಾಡುತ್ತೇನೆ.